ಕಾಟಾ ಚೀಟಿ ತಡವಾದಾಗ: ಡೇಟಾಬೇಸ್ ಸರ್ವರ್‌ನಲ್ಲಿ ಡಿಸ್ಕ್ ದೋಷ ಹುಡುಕುವುದು ಹೇಗೆ

ಮುಧೋಳ, ಜಮಖಂಡಿ ಕಡೆ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸಕ್ಕರೆ ಕಾರ್ಖಾನೆಯ ಕಾಟಾಕ್ಕೆ ಹಗಲು ರಾತ್ರಿ ಎರಡೂ ಒಂದೇ. ತುಂಬಿದ ಟ್ರ್ಯಾಕ್ಟರ್ ಬರುತ್ತದೆ, ತೂಕ ಆಗುತ್ತದೆ. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ಮತ್ತೆ ಕಾಟಾ ಹತ್ತುತ್ತದೆ, ಆಮೇಲೆ ಚೀಟಿ ಕೈಗೆ ಸಿಗುತ್ತದೆ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಈ ಚೀಟಿ ಕೆಲವು ನಿಮಿಷಕ್ಕೊಮ್ಮೆ ನಿಂತುಬಿಡುತ್ತಿತ್ತು. ಒಂದಷ್ಟು ಹೊತ್ತು ಪರದೆ ಅಲ್ಲಾಡುವುದಿಲ್ಲ. ಆಮೇಲೆ ತಡೆದಿದ್ದ ಚೀಟಿಗಳೆಲ್ಲ ಒಟ್ಟಿಗೆ ಬರುತ್ತವೆ. "ಸರ್, ಚೀಟಿ ಬರವಲ್ದು ನೋಡ್ರಿ. ಸುಮ್ನ ತಿರುಗಾಕ ಹತ್ತೈತಿ" ಅಂತ ಕಾಟಾ ಆಪರೇಟರ್ ಫೋನ್ ಮಾಡುತ್ತಿದ್ದರು. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ. ಆ ಹೊಡೆತ ಬೀಳುವುದು ಸಾಲಿನಲ್ಲಿ ನಿಂತ ರೈತನಿಗೆ.

ಸರ್ವರ್‌ನಲ್ಲಿ ಸಿಪಿಯು ಹೆಚ್ಚುಕಡಿಮೆ ಖಾಲಿ ಕೂತಿತ್ತು. ಮೆಮರಿಯೂ ಸಾಕಷ್ಟಿತ್ತು. "ಸರ್ವರ್ ಹಳೇದಾಗಿದೆ, ಹೊಸದು ತಗೊಳ್ಳಿ" ಅನ್ನುವ ಸಲಹೆ ಆಗಲೇ ಬಂದಿತ್ತು. ನನ್ನ ಪ್ರಕಾರ, ದುಡ್ಡು ಬಿಚ್ಚುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಡೇಟಾಬೇಸಿನ ಯಾವ ಕೆಲಸ ಡಿಸ್ಕಿಗಾಗಿ ಕಾಯುತ್ತಿದೆ? ಲಾಗ್ (ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಫೈಲು, ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ವಾಲ್ ಎನ್ನುತ್ತಾರೆ) ಬರೆಯುವುದೋ, ಟೇಬಲ್ ಓದುವುದೋ, ತಾತ್ಕಾಲಿಕ ಫೈಲುಗಳೋ, ಬ್ಯಾಕಪ್ಪೋ? ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಅದನ್ನು ತಿಳಿಯದೆ ಡಿಸ್ಕ್ ಬದಲಿಸಿದರೆ ಬಿಲ್ ಪಾವತಿಯಾಗುತ್ತದೆ, ಚೀಟಿ ಮಾತ್ರ ಅಲ್ಲೇ ನಿಂತಿರುತ್ತದೆ.

ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಮೇಲಿನ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಗ್ಗೆ. ಮೈಎಸ್‌ಕ್ಯೂಎಲ್, ಒರಾಕಲ್‌ಗಳಲ್ಲಿ ಹೆಸರುಗಳು ಬದಲಾಗುತ್ತವೆ, ಹುಡುಕುವ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ನೋಡಬೇಕಾದ್ದು: ಡಿಸ್ಕೇ ಕಾರಣವಾ?

ಎಷ್ಟೋ ಸಲ ಡಿಸ್ಕ್ ತಪ್ಪೇ ಇರುವುದಿಲ್ಲ. ಯಾರೋ ಒಬ್ಬರು ಟೇಬಲ್ಲಿನ ಒಂದು ಸಾಲನ್ನು ತಿದ್ದಲು ಹೋಗಿ, ಕಮಿಟ್ ಮಾಡದೆ (ಬದಲಾವಣೆಯನ್ನು ಖಾಯಂ ಮಾಡದೆ) ಊಟಕ್ಕೆ ಎದ್ದು ಹೋಗಿರುತ್ತಾರೆ. ಮಿಕ್ಕವರೆಲ್ಲ ಆ ಲಾಕ್ ಬಿಡುವುದನ್ನೇ ಕಾಯುತ್ತಿರುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಬೇರ್ಪಡಿಸುವುದು ಸುಲಭ. ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಎಂಬ ನೋಟದಲ್ಲಿ ಪ್ರತಿ ಸಂಪರ್ಕವೂ ಆ ಕ್ಷಣ ಯಾತಕ್ಕೆ ಕಾಯುತ್ತಿದೆ ಎಂದು ಬರೆದಿರುತ್ತದೆ. ವೇಟ್ ಇವೆಂಟ್ ಟೈಪ್, ವೇಟ್ ಇವೆಂಟ್ ಎಂಬ ಎರಡು ಕಾಲಂ ನೋಡಿ. ಒಂದೇ ಸಲ ನೋಡಿದರೆ ಸಾಲದು. ಪೋಸ್ಟ್‌ಗ್ರೆಸ್‌ಗೆ ಆದೇಶ ಕೊಡುವ ಪಿಎಸ್‌ಕ್ಯೂಎಲ್ ಪ್ರೋಗ್ರಾಂನಲ್ಲಿ ವಾಚ್ ಆದೇಶ ಕೊಟ್ಟು ಸೆಕೆಂಡಿಗೊಮ್ಮೆ ಓಡಿಸಿ, ಚೀಟಿ ನಿಲ್ಲುವ ಹೊತ್ತಿಗೆ ಏನು ಕಾಣುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಟೈಪ್‌ನಲ್ಲಿ "ಲಾಕ್" ಎಂದಿದ್ದರೆ ಈ ಲೇಖನ ಬದಿಗಿಡಿ, ಲಾಕ್ ಹಿಡಿದವರನ್ನು ಹುಡುಕಿ. "ಐಒ" (ಡಿಸ್ಕಿನ ಓದು ಬರಹ) ಎಂದಿದ್ದರೆ ಮುಂದಿನ ಹೆಸರು ನೋಡಿ. "ಡೇಟಾ ಫೈಲ್ ರೀಡ್" ಇದ್ದರೆ ಟೇಬಲ್ ಅಥವಾ ಇಂಡೆಕ್ಸ್ ಪುಟಗಳನ್ನು ಡಿಸ್ಕಿನಿಂದ ತರುವುದರಲ್ಲಿ ತಡ. "ಬಫ್ ಫೈಲ್ ರೈಟ್" ಅಥವಾ "ಬಫ್ ಫೈಲ್ ರೀಡ್" ಇದ್ದರೆ ತಾತ್ಕಾಲಿಕ ಫೈಲುಗಳು. "ವಾಲ್ ಸಿಂಕ್", "ವಾಲ್ ರೈಟ್" ಇದ್ದರೆ ಲಾಗ್.

ಲಾಗ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಸಂಪರ್ಕ ಮಾತ್ರ "ವಾಲ್ ಸಿಂಕ್" ತೋರಿಸಿ, ಉಳಿದ ಹತ್ತಾರು ಸಂಪರ್ಕಗಳು "ಎಲ್‌ಡಬ್ಲ್ಯೂಲಾಕ್" ಎಂಬ ಟೈಪ್ ತೋರಿಸಬಹುದು. ಅದನ್ನು ಮಾಮೂಲಿ ಲಾಕ್ ಎಂದು ತಿಳಿಯಬೇಡಿ. ಹೆಸರು "ವಾಲ್ ರೈಟ್" ಎಂದಿದ್ದರೆ, ಒಬ್ಬರು ಲಾಗನ್ನು ಡಿಸ್ಕಿಗೆ ಇಳಿಸುತ್ತಿದ್ದಾರೆ, ಮಿಕ್ಕವರು ಅವರ ಹಿಂದೆ ನಿಂತಿದ್ದಾರೆ ಅಂತ ಅರ್ಥ. ಈ ಕಾರ್ಖಾನೆಯಲ್ಲಿ ಕಂಡದ್ದು ಇದೇ. ಒಂದು ವಾಲ್ ಸಿಂಕ್, ಅದರ ಹಿಂದೆ ಕಾಟಾ ಕೌಂಟರುಗಳ ಕಮಿಟ್‌ಗಳ ಸಾಲು.

ಡಿಸ್ಕ್ ಏನು ಹೇಳುತ್ತದೆ

ಈಗ ಡಿಸ್ಕಿನ ಕಡೆಯಿಂದ ನೋಡೋಣ. ಡಿಸ್ಕಿನ ಕೆಲಸ ಅಳೆಯುವ ಐಒಸ್ಟ್ಯಾಟ್ ಆದೇಶವನ್ನು ಎಕ್ಸ್ ಆಯ್ಕೆಯ ಜೊತೆ ಸೆಕೆಂಡಿಗೊಮ್ಮೆ ಓಡಿಸಿ. ಮೊದಲ ಸಲ ಬರುವ ಅಂಕಿಗಳನ್ನು ಬಿಟ್ಟುಬಿಡಿ. ಅವು ಸರ್ವರ್ ಚಾಲೂ ಆದಾಗಿನಿಂದ ಈವರೆಗಿನ ಸರಾಸರಿ, ಈಗಿನ ಕಥೆ ಹೇಳುವುದಿಲ್ಲ.

ಗಮನ ಇರಬೇಕಾದ್ದು ಎರಡು ಅಂಕಿಗಳ ಮೇಲೆ. ಡಬ್ಲ್ಯೂ ಅವೇಟ್ ಅಂದರೆ ಬರೆಯುವ ಒಂದು ಕೋರಿಕೆ ಸಾಲಿನಲ್ಲಿ ನಿಂತು, ಬರೆದು ಮುಗಿಯುವ ತನಕ ಹಿಡಿದ ಮಿಲಿಸೆಕೆಂಡುಗಳು. ಎಕ್ಯೂ ಸೈಜ್ ಅಂದರೆ ಸರಾಸರಿ ಸಾಲಿನ ಉದ್ದ. ಕಾಟಾದ ಮೇಲೆ ಒಂದು ಗಾಡಿ ನಿಲ್ಲುವ ಹೊತ್ತು ಅಷ್ಟೇ ಇದ್ದರೂ, ಹಿಂದೆ ಗಾಡಿಗಳ ಸಾಲು ಬೆಳೆದಂತೆ ಕೊನೆಯವನು ಕಾಯುವ ಹೊತ್ತು ಬೆಳೆಯುತ್ತದಲ್ವಾ, ಇಲ್ಲೂ ಹಾಗೇ. ತಿರುಗುವ ಡಿಸ್ಕಿನಲ್ಲಿ ಹತ್ತು ಮಿಲಿಸೆಕೆಂಡ್ ಒಳಗಿದ್ದರೆ ಚಿಂತೆ ಇಲ್ಲ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಒಂದೆರಡು ಮಿಲಿಸೆಕೆಂಡ್ ದಾಟಿದರೂ ಏನೋ ಇದೆ ಎಂದು ಅನುಮಾನ ಪಡಿ. ಇಲ್ಲಿ ಚೀಟಿ ನಿಂತಾಗೆಲ್ಲ ಡಬ್ಲ್ಯೂ ಅವೇಟ್ ನೂರರ ಮೇಲೆ ಹೋಗುತ್ತಿತ್ತು, ಸಾಲೂ ಉದ್ದ ಆಗುತ್ತಿತ್ತು.

ಯುಟಿಲ್ ಎಂಬ ಶೇಕಡಾವಾರು ಕಾಲಂ ನೋಡಿ ಬಹಳ ಜನ ಗಾಬರಿಯಾಗುತ್ತಾರೆ. ಒಂಟಿ ತಿರುಗುವ ಡಿಸ್ಕಿಗೆ ಅದು ಸರಿ. ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸಿದ ಗುಂಪು) ಮತ್ತು ಎಸ್‌ಎಸ್‌ಡಿಗಳು ಒಂದೇ ಹೊತ್ತಿಗೆ ಹಲವು ಕೋರಿಕೆ ನಿಭಾಯಿಸುವುದರಿಂದ ಅಲ್ಲಿ 100 ಎಂದು ಬಂದರೂ ಡಿಸ್ಕ್ ದಣಿದಿದೆ ಎಂದು ಹೇಳಲಾಗದು.

ಮುಂದೆ, ಎಲ್‌ಎಸ್‌ಬಿಎಲ್‌ಕೆ ಓಡಿಸಿ ಯಾವ ವಿಭಾಗ ಯಾವ ಡಿಸ್ಕಿನ ಮೇಲಿದೆ ಎಂದು ನೋಡಿ. ಇಲ್ಲಿನ ದಾಖಲೆಯಲ್ಲಿ "ಲಾಗ್ ಬೇರೆ, ಡೇಟಾ ಬೇರೆ, ಬ್ಯಾಕಪ್ ಬೇರೆ" ಎಂದು ಬರೆದಿತ್ತು. ಹೆಸರುಗಳು ಬೇರೆ ಇದ್ದದ್ದು ನಿಜ. ಕೆಳಗಿಳಿದು ನೋಡಿದರೆ ಎಲ್ಲವೂ 7,200 ಆರ್‌ಪಿಎಂನ ನಾಲ್ಕು ಡಿಸ್ಕುಗಳ ಒಂದೇ ರೇಡ್ 5 ಗುಂಪಿನ ತುಂಡುಗಳು. ಹೀಗೆ ವಿಭಾಗ ಮಾಡಿದರೆ ಒಂದರ ಜಾಗ ತುಂಬಿದಾಗ ಇನ್ನೊಂದು ಉಳಿಯುತ್ತದೆ, ಅಷ್ಟು ಉಪಯೋಗ ಇದೆ. ವೇಗಕ್ಕೆ ಏನೂ ಉಪಯೋಗವಿಲ್ಲ. ಓದಿ ಬರೆಯುವ ತಲೆ ಓಡಾಡುವುದು ಅದೇ ನಾಲ್ಕು ಡಿಸ್ಕುಗಳ ಮೇಲೆ.

ಒಂದು ಸಣ್ಣ ಲೆಕ್ಕ

7,200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ತಲೆ ಸರಿಯಾದ ಜಾಗಕ್ಕೆ ಹೋಗುವ ಹೊತ್ತನ್ನೂ ಸೇರಿಸಿದರೆ ಇಂಥ ಒಂದು ಡಿಸ್ಕ್ ಅಲ್ಲಲ್ಲಿ ಚದುರಿದ ಕೆಲಸವನ್ನು ಸೆಕೆಂಡಿಗೆ ಸುಮಾರು 75ರಿಂದ 100ರಷ್ಟು ಮಾಡುತ್ತದೆ. ನಾಲ್ಕು ಡಿಸ್ಕ್ ಸೇರಿದರೆ 300ರಿಂದ 400.

ಓದಲು ಇದು ಸರಿ. ರೇಡ್ 5ರಲ್ಲಿ ಒಂದು ಸಣ್ಣ ತುಂಡು ಬರೆಯಬೇಕಾದರೆ ಹಳೆಯ ಡೇಟಾ ಓದಬೇಕು, ಹಳೆಯ ಪ್ಯಾರಿಟಿ (ಒಂದು ಡಿಸ್ಕ್ ಕೆಟ್ಟರೆ ಡೇಟಾ ಮತ್ತೆ ಕಟ್ಟಲು ಇಟ್ಟ ಲೆಕ್ಕ) ಓದಬೇಕು, ಆಮೇಲೆ ಎರಡನ್ನೂ ಹೊಸದಾಗಿ ಬರೆಯಬೇಕು. ಒಂದು ಬರವಣಿಗೆಗೆ ನಾಲ್ಕು ಕೆಲಸ. ಹಾಗಾಗಿ ನಾಲ್ಕು ಡಿಸ್ಕ್ ಕೂಡಿಯೂ ಒಂದು ಡಿಸ್ಕಿನಷ್ಟೇ ಬರೆದಂತಾಯಿತು. ಅದೇ ನಾಲ್ಕನ್ನು ರೇಡ್ 10 ಮಾಡಿದರೆ ಒಂದು ಬರವಣಿಗೆಗೆ ಎರಡೇ ಕೆಲಸ, ಅಂದರೆ ಎರಡರಷ್ಟು ಬರೆಯಬಹುದು. ರೇಡ್ 6ರಲ್ಲಿ ಆರು ಕೆಲಸ. ಹೆಚ್ಚು ಬರೆಯುವ ಡೇಟಾಬೇಸನ್ನು ರೇಡ್ 5 ಅಥವಾ 6ರ ಮೇಲೆ ಇಡಬೇಡಿ ಎಂದು ನಾನು ಹೇಳುವುದು ಈ ಲೆಕ್ಕದಿಂದಲೇ. ಜಾಗ ಜಾಸ್ತಿ ಸಿಗುತ್ತದೆ ಎಂಬ ಆಸೆಗೆ ಬಿದ್ದು ಜನ ಅದನ್ನು ಆರಿಸುತ್ತಾರೆ. ಕಾಟಾದ ಡೇಟಾಗೆ ಅಷ್ಟು ಜಾಗ ಬೇಕಾಗಿಯೇ ಇರುವುದಿಲ್ಲ.

ಹೋದ ಹಂಗಾಮಿನಲ್ಲಿ ಸರಿಯಿತ್ತು, ಈಗ್ಯಾಕೆ?

ಇದು ಕಾರ್ಖಾನೆಯವರೇ ಕೇಳಿದ ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆ. ಡಿಸ್ಕ್ ಅದೇ, ರೇಡ್ ಅದೇ, ಗಾಡಿಗಳ ಸಂಖ್ಯೆಯೂ ಹೆಚ್ಚೇನೂ ಏರಿರಲಿಲ್ಲ. ಹಾಗಿದ್ದರೆ ಬದಲಾದದ್ದು ಏನು?

ಉತ್ತರ ರೇಡ್ ಕಾರ್ಡಿನಲ್ಲಿತ್ತು. ಒಳ್ಳೆಯ ರೇಡ್ ಕಾರ್ಡಿನ ಮೇಲೆ ಸ್ವಲ್ಪ ಮೆಮರಿ ಇರುತ್ತದೆ, ಅದನ್ನು ಕಾಪಾಡಲು ಒಂದು ಬ್ಯಾಟರಿಯೋ ಕೆಪಾಸಿಟರೋ ಇರುತ್ತದೆ. ಡೇಟಾಬೇಸ್ "ಡಿಸ್ಕಿಗೆ ಇಳಿಸು" ಎಂದಾಗ ಕಾರ್ಡು ಅದನ್ನು ಮೆಮರಿಯಲ್ಲಿ ಇಟ್ಟುಕೊಂಡು ಆ ಕ್ಷಣವೇ "ಆಯಿತು" ಎನ್ನುತ್ತದೆ. ಕರೆಂಟ್ ಹೋದರೂ ಬ್ಯಾಟರಿ ಇರುವುದರಿಂದ ಬರೆದದ್ದು ಉಳಿಯುತ್ತದೆ. ಇದು ರೈಟ್ ಬ್ಯಾಕ್. ಬ್ಯಾಟರಿ ಸತ್ತರೆ ಕಾರ್ಡು ತಾನಾಗಿಯೇ ರೈಟ್ ಥ್ರೂಗೆ ಇಳಿಯುತ್ತದೆ, ಇಲ್ಲಿ ಆದದ್ದೂ ಅದೇ. ಅಲ್ಲಿಂದ ಪ್ರತಿ ಕಮಿಟ್ಟೂ ತಿರುಗುವ ತಟ್ಟೆಯ ತನಕ ಹೋಗಿ ಬರಬೇಕು. ಡೇಟಾಬೇಸಿನಲ್ಲಿ ದೋಷದ ಸಂದೇಶ ಕಾಣುವುದಿಲ್ಲ, ಎಲ್ಲವೂ ನಿಧಾನ ಆಗುತ್ತದೆ ಅಷ್ಟೇ. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ಹಂಗಾಮು ಮುಗಿದ ಮೇಲೆ ಸರ್ವರ್ ರೂಮಿನ ಎಸಿ ಬಂದ್ ಮಾಡಿ ಸರ್ವರ್ ಮಾತ್ರ ಓಡಲು ಬಿಡುವವರಿದ್ದಾರೆ. ಸೆಕೆ ಬ್ಯಾಟರಿಯ ಆಯಸ್ಸು ತಿನ್ನುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಕಾರ್ಡಿನ ಕಂಪನಿ ಕೊಡುವ ಉಪಕರಣದಲ್ಲಿ ಎರಡು ವಿಷಯ ನೋಡಿ: ಬ್ಯಾಟರಿಯ ಸ್ಥಿತಿ, ಈಗ ಚಾಲ್ತಿಯಲ್ಲಿರುವ ಬರೆಯುವ ನೀತಿ. ಸೆಟ್ ಮಾಡಿದ ನೀತಿ ಒಂದಿರುತ್ತದೆ, ಚಾಲ್ತಿಯಲ್ಲಿರುವುದು ಇನ್ನೊಂದಿರುತ್ತದೆ. ಎರಡನೆಯದೇ ಮುಖ್ಯ.

ಉಪಕರಣ ಸಿಗದಿದ್ದರೂ ದಾರಿ ಇದೆ. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ ಟೆಸ್ಟ್ ಎಫ್‌ಸಿಂಕ್ ಎಂಬ ಸಣ್ಣ ಪ್ರೋಗ್ರಾಂ ಓಡಿಸಿ. ಲಾಗ್ ಇರುವ ಡಿಸ್ಕಿನ ಮೇಲೇ ಅದರ ಪರೀಕ್ಷಾ ಫೈಲ್ ಇಡಿ, ಕೆಲಸ ಕಡಿಮೆ ಇರುವ ಹೊತ್ತು ನೋಡಿ ಓಡಿಸಿ. ಸೆಕೆಂಡಿಗೆ ಎಷ್ಟು ಸಲ ಡಿಸ್ಕಿಗೆ ಇಳಿಸಲು ಆಯಿತು ಎಂದು ಅದು ಹೇಳುತ್ತದೆ. 7,200 ಆರ್‌ಪಿಎಂ ಡಿಸ್ಕಿನಲ್ಲಿ ಹತ್ತಾರರಿಂದ ನೂರರ ಆಸುಪಾಸು ಬಂದರೆ ಕ್ಯಾಶ್ (ಕಾರ್ಡಿನ ಮೇಲಿನ ಆ ಮೆಮರಿ) ಕೆಲಸ ಮಾಡುತ್ತಿಲ್ಲ. ಸಾವಿರಗಳಲ್ಲಿ ಬಂದರೆ ಬ್ಯಾಟರಿ ಇರುವ ಕ್ಯಾಶ್ ಕೆಲಸ ಮಾಡುತ್ತಿದೆ. ಬ್ಯಾಟರಿಯೇ ಇಲ್ಲದ ಮಾಮೂಲಿ ಡಿಸ್ಕಿನಲ್ಲಿ ಸಾವಿರಗಳು ಬಂದರೆ ಖುಷಿಪಡಬೇಡಿ. ಸೆಕೆಂಡಿಗೆ 120 ಸುತ್ತು ತಿರುಗುವ ಡಿಸ್ಕ್ ಅಷ್ಟು ಸಲ ನಿಜವಾಗಿ ಬರೆಯಲು ಸಾಧ್ಯವೇ ಇಲ್ಲ. ಅದು ಬರೆಯದೆಯೇ "ಬರೆದೆ" ಎನ್ನುತ್ತಿದೆ. ಕರೆಂಟ್ ಹೋದ ದಿನ ಡೇಟಾಬೇಸ್ ಕೆಡುತ್ತದೆ.

ಇಲ್ಲಿ ಅಡ್ಡದಾರಿ ಹಿಡಿಯುವ ಆಸೆ ಬರುತ್ತದೆ. ಬ್ಯಾಟರಿ ಇಲ್ಲದೆಯೂ ಬಲವಂತವಾಗಿ ರೈಟ್ ಬ್ಯಾಕ್ ಇಡಬಹುದು. ಡೇಟಾಬೇಸಿನಲ್ಲಿ ಎಫ್‌ಸಿಂಕ್ ("ಡಿಸ್ಕಿಗೆ ಇಳಿಸು" ಎಂಬ ಆದೇಶ) ಆಫ್ ಮಾಡಬಹುದು. ಎರಡೂ ಬೇಡ. ಒಂದು ಸಲ ಕರೆಂಟ್ ಹೋದರೆ ಸಾಕು, ಡೇಟಾಬೇಸ್ ಮತ್ತೆ ಏಳದೇ ಇರಬಹುದು. ಯುಪಿಎಸ್ ಇದೆಯಲ್ಲ ಎಂದರೆ, ಸರ್ವರ್‌ನೊಳಗಿನ ಪವರ್ ಸಪ್ಲೈ ಸುಟ್ಟಾಗ ಯುಪಿಎಸ್ ಏನೂ ಮಾಡಲಾರದು.

ಸಿಂಕ್ರೊನಸ್ ಕಮಿಟ್ (ಲಾಗ್ ಡಿಸ್ಕಿಗೆ ಇಳಿಯುವ ತನಕ ಕಮಿಟ್ ಕಾಯುವಂತೆ ಮಾಡುವ ಸೆಟ್ಟಿಂಗ್) ಆಫ್ ಮಾಡುವುದು ಇಷ್ಟು ಕೆಟ್ಟದ್ದಲ್ಲ. ಅದರಿಂದ ಡೇಟಾಬೇಸ್ ಕೆಡುವುದಿಲ್ಲ. ಸರ್ವರ್ ದಿಢೀರನೆ ನಿಂತರೆ ಕೊನೆಯ ಅರ್ಧ ಸೆಕೆಂಡಿನ ಆಸುಪಾಸಿನ ಕಮಿಟ್‌ಗಳು ಹೋಗಬಹುದು, ಅಷ್ಟೇ. ಆದರೆ ಕಾಟಾಕ್ಕೆ ಇದೂ ಸಲ್ಲದು. ಚೀಟಿ ರೈತನ ಕೈ ಸೇರಿದೆ, ಸರ್ವರ್‌ನಲ್ಲಿ ಆ ತೂಕ ಇಲ್ಲ ಎಂದಾದರೆ ಆಮೇಲೆ ಬಿಲ್ ಹೊತ್ತಿಗೆ ಯಾರು ಯಾರನ್ನು ನಂಬಬೇಕು? ಗಾಡಿಗಳ ಓಡಾಟದ ದಾಖಲೆ, ಯಂತ್ರಗಳ ರೀಡಿಂಗ್ ಇಂಥವಕ್ಕೆ ಬೇಕಾದರೆ ಆಯಾ ಟ್ರಾನ್ಸಾಕ್ಷನ್‌ನಲ್ಲಿ ಮಾತ್ರ ಆಫ್ ಮಾಡಿ.

ಕೆಲವು ನಿಮಿಷಕ್ಕೊಮ್ಮೆ ಯಾಕೆ?

ಬ್ಯಾಟರಿ ಸತ್ತಿದ್ದರೆ ಎಲ್ಲ ಹೊತ್ತೂ ನಿಧಾನ ಇರಬೇಕಲ್ಲ? ಇದ್ದೇ ಇತ್ತು, ಕಣ್ಣಿಗೆ ಬೀಳುವಷ್ಟಿರಲಿಲ್ಲ. ಕಣ್ಣಿಗೆ ಬೀಳುವಂತೆ ಮಾಡಿದ್ದು ಚೆಕ್‌ಪಾಯಿಂಟ್.

ಪೋಸ್ಟ್‌ಗ್ರೆಸ್ ಬದಲಾವಣೆಗಳನ್ನು ಮೊದಲು ಲಾಗ್‌ನಲ್ಲಿ ಬರೆದುಕೊಂಡು, ಟೇಬಲ್ಲಿನ 8 ಕೆಬಿ ಪುಟಗಳನ್ನು ಆಮೇಲೆ ಚೆಕ್‌ಪಾಯಿಂಟ್ ಹೊತ್ತಿಗೆ ಡಿಸ್ಕಿಗೆ ಇಳಿಸುತ್ತದೆ. ನಾವು ಏನೂ ಬದಲಿಸದಿದ್ದರೆ ಇದು 5 ನಿಮಿಷಕ್ಕೊಮ್ಮೆ ನಡೆಯುತ್ತದೆ. ಲಾಗ್ 1 ಜಿಬಿ ಮಿತಿಯ ಹತ್ತಿರ ಬಂದರೆ ಅದಕ್ಕೂ ಮೊದಲೇ ನಡೆಯುತ್ತದೆ. ಆಗ ಟೇಬಲ್ ಪುಟಗಳು ಡಿಸ್ಕಿನ ತುಂಬ ಅಲ್ಲಲ್ಲಿ ಬರೆಯಲ್ಪಡುತ್ತವೆ. ಅದೇ ಡಿಸ್ಕಿನ ಮೇಲೆ ಲಾಗೂ ಇದ್ದರೆ, ಕಾಟಾದ ಕಮಿಟ್ ಈ ಎಲ್ಲ ಬರವಣಿಗೆಯ ಹಿಂದೆ ನಿಲ್ಲಬೇಕು.

ಖಚಿತ ಮಾಡಿಕೊಳ್ಳಲು ಲಾಗ್ ಚೆಕ್‌ಪಾಯಿಂಟ್ಸ್ ಆನ್ ಮಾಡಿ. 15ನೇ ಆವೃತ್ತಿಯಿಂದ ಅದು ಮೊದಲೇ ಆನ್ ಇರುತ್ತದೆ. ಸರ್ವರ್ ಲಾಗ್‌ನಲ್ಲಿ (ಇದು ವಾಲ್ ಅಲ್ಲ, ಪೋಸ್ಟ್‌ಗ್ರೆಸ್ ತನ್ನ ಸಂದೇಶಗಳನ್ನು ಬರೆಯುವ ಫೈಲು) ಚೆಕ್‌ಪಾಯಿಂಟ್ ಶುರುವಾದ ಸಮಯ, ಕಾರಣ ಎರಡೂ ಬರುತ್ತವೆ. ಕಾರಣ "ಟೈಮ್" ಎಂದಿದ್ದರೆ ಹೊತ್ತಾಯಿತೆಂದು ನಡೆದದ್ದು. "ವಾಲ್" ಎಂದಿದ್ದರೆ ಲಾಗ್ ಮಿತಿ ಮುಟ್ಟಿ ನಡೆದದ್ದು. ಕಾಟಾ ಆಪರೇಟರ್‌ಗೆ ಒಂದು ಹಾಳೆ ಕೊಟ್ಟು, ಚೀಟಿ ನಿಂತಾಗೆಲ್ಲ ಗಡಿಯಾರ ನೋಡಿ ಸಮಯ ಬರೆಯಲು ಹೇಳಿ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಅನುಮಾನ ಉಳಿಯುವುದಿಲ್ಲ. ಇಲ್ಲಿ ಬಹುತೇಕ ಎಲ್ಲವೂ "ವಾಲ್" ಕಾರಣದವು, ಹಾಳೆಯ ಮೇಲಿನ ಸಮಯಗಳಿಗೆ ತಾಳೆ ಆಗುತ್ತಿದ್ದವು.

ಮ್ಯಾಕ್ಸ್ ವಾಲ್ ಸೈಜ್ ಅನ್ನು 8 ಅಥವಾ 16 ಜಿಬಿಗೆ ಏರಿಸಿ, ಚೆಕ್‌ಪಾಯಿಂಟ್ ಟೈಮ್‌ಔಟ್ 15 ನಿಮಿಷ ಇಡಿ. ಕಂಪ್ಲೀಶನ್ ಟಾರ್ಗೆಟ್ (ಎರಡು ಚೆಕ್‌ಪಾಯಿಂಟ್ ನಡುವಿನ ಹೊತ್ತಿನ ಎಷ್ಟು ಪಾಲಿಗೆ ಬರವಣಿಗೆ ಹರಡಬೇಕು ಎಂಬುದು) 0.9 ಇರಲಿ. 14ನೇ ಆವೃತ್ತಿಗಿಂತ ಹಳೆಯದರಲ್ಲಿ ಅದು 0.5 ಇರುತ್ತದೆ, ಕೈಯಾರೆ ಬದಲಿಸಬೇಕು. ಇದರಿಂದ ಲಾಗ್ ಬರೆಯುವುದೂ ಕಡಿಮೆ ಆಗುತ್ತದೆ. ಯಾಕೆಂದರೆ ಪ್ರತಿ ಚೆಕ್‌ಪಾಯಿಂಟ್ ಆದ ಮೇಲೆ ಒಂದು ಪುಟ ಮೊದಲ ಸಲ ಬದಲಾದಾಗ ಇಡೀ ಪುಟವೇ ಲಾಗ್‌ಗೆ ಹೋಗುತ್ತದೆ. ತೆರಬೇಕಾದ ಬೆಲೆ ಒಂದೇ: ಸರ್ವರ್ ದಿಢೀರನೆ ಬಿದ್ದರೆ ಮತ್ತೆ ಏಳಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ. ಈ ಸೆಟ್ಟಿಂಗ್‌ಗಳಿಗೆ ರೀಲೋಡ್ ಸಾಕು, ಸರ್ವರ್ ನಿಲ್ಲಿಸಬೇಕಿಲ್ಲ. ಹಂಗಾಮಿನ ನಡುವೆ ಅದು ದೊಡ್ಡ ಸಮಾಧಾನ.

ಡಿಸ್ಕುಗಳನ್ನು ಹಂಚುವುದು

ಹೊಸ ಬ್ಯಾಟರಿ, ಚೆಕ್‌ಪಾಯಿಂಟ್ ಬದಲಾವಣೆ, ಇವೆರಡರಿಂದ ಚೀಟಿ ನಿಲ್ಲುವುದು ತಪ್ಪಿತು. ಆದರೂ ಹಂಗಾಮು ಮುಗಿದ ಮೇಲೆ ಡಿಸ್ಕ್ ಹಂಚಿಕೆ ಸರಿಮಾಡಲೇಬೇಕಿತ್ತು.

ಲಾಗ್ ಒಂದರ ಹಿಂದೊಂದು ಸಾಲಾಗಿ ಬರೆಯುತ್ತದೆ, ಪ್ರತಿ ಕಮಿಟ್ ಅದನ್ನೇ ಕಾಯುತ್ತದೆ. ಅದಕ್ಕೆಂದೇ ಎರಡು ಡಿಸ್ಕುಗಳ ರೇಡ್ 1 (ಎರಡರಲ್ಲೂ ಒಂದೇ ಪ್ರತಿ) ಇದ್ದರೆ ತಲೆ ಅತ್ತಿತ್ತ ಓಡಾಡದೆ ಒಂದೇ ಕಡೆ ನಿಂತು ಬರೆಯುತ್ತದೆ. ಟೇಬಲ್, ಇಂಡೆಕ್ಸ್‌ಗಳಿಗೆ ರೇಡ್ 10. ಆರು ಡಿಸ್ಕ್ ಇದ್ದರೆ ಎರಡು ಲಾಗ್‌ಗೆ, ನಾಲ್ಕು ಡೇಟಾಗೆ. ಆಪರೇಟಿಂಗ್ ಸಿಸ್ಟಂ ಬೇರೆ ಕಡೆ ಇಡಲು ಆಗದಿದ್ದರೆ ಲಾಗ್ ಜೋಡಿಯ ಮೇಲೇ ಇರಲಿ, ಅದು ಅಷ್ಟೇನೂ ಬರೆಯುವುದಿಲ್ಲ. ನಾಲ್ಕೇ ಡಿಸ್ಕ್ ಇದ್ದರೆ? ಒಳ್ಳೆಯ ಕ್ಯಾಶ್ ಕಾರ್ಡ್ ಇದ್ದಲ್ಲಿ ನಾಲ್ಕನ್ನೂ ಸೇರಿಸಿ ಒಂದು ರೇಡ್ 10 ಮಾಡುವುದೇ ವಾಸಿ ಎಂದು ನನ್ನ ಅಭಿಪ್ರಾಯ. ಎರಡೆರಡಾಗಿ ಒಡೆದರೆ ಲಾಗ್ ಜೋಡಿ ಆರಾಮಾಗಿ ಕೂತಿರುತ್ತದೆ, ಡೇಟಾ ಜೋಡಿ ಏದುಸಿರು ಬಿಡುತ್ತದೆ.

ಈಗ ಹೊಸದಾಗಿ ಕೊಳ್ಳುವುದಾದರೆ ತಿರುಗುವ ಡಿಸ್ಕಿನ ಯೋಚನೆ ಬ್ಯಾಕಪ್‌ಗೆ ಮಾತ್ರ ಸಾಕು. ಡೇಟಾ, ಲಾಗ್ ಎರಡಕ್ಕೂ ಸರ್ವರ್ ದರ್ಜೆಯ ಎಸ್‌ಎಸ್‌ಡಿ ಜೋಡಿ ಹಾಕಿ. ಕರೆಂಟ್ ಹೋದಾಗ ಕೈಯಲ್ಲಿರುವುದನ್ನು ಬರೆದು ಮುಗಿಸಲು ಒಳಗೆ ಕೆಪಾಸಿಟರ್ ಇರುವಂಥದ್ದೇ ಬೇಕು. ಅಂಗಡಿಯಲ್ಲಿ ಲ್ಯಾಪ್‌ಟಾಪಿಗೆಂದು ಮಾರುವ ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಪೊಟ್ಟಣದ ಮೇಲೆ ಲಕ್ಷಗಟ್ಟಲೆ ಐಒಪಿಎಸ್ (ಸೆಕೆಂಡಿಗೆ ಮಾಡುವ ಓದು ಬರಹ) ಬರೆದಿದ್ದರೂ ಪ್ರತಿ ಕಮಿಟ್‌ಗೆ ಡಿಸ್ಕಿಗೆ ಇಳಿಸಬೇಕಾದಾಗ ಅವುಗಳ ವೇಗ ಬಿದ್ದುಹೋಗುತ್ತದೆ. ಕೊಂಡ ದಿನವೇ ಪಿಜಿ ಟೆಸ್ಟ್ ಎಫ್‌ಸಿಂಕ್ ಓಡಿಸಿ ನೋಡಿ, ವಾಪಸ್ ಕೊಡುವ ಅವಕಾಶ ಇರುವಾಗಲೇ.

ತಾತ್ಕಾಲಿಕ ಫೈಲುಗಳ ಕಾಟ ಶುರುವಾಗುವುದು ರೈತರ ಬಿಲ್ ತೆಗೆಯುವ ದಿನ. ವರ್ಕ್ ಮೆಮ್ (ಒಂದು ಸಾರ್ಟಿಂಗ್ ಬಳಸಬಹುದಾದ ಮೆಮರಿ) ಮೊದಲಿಗೆ 4 ಎಂಬಿ ಮಾತ್ರ ಇರುತ್ತದೆ. ದೊಡ್ಡ ವರದಿಯ ಸಾರ್ಟಿಂಗ್ ಅದರಲ್ಲಿ ಹಿಡಿಸದೆ ಡಿಸ್ಕಿಗೆ ಬರುತ್ತದೆ. ಲಾಗ್ ಟೆಂಪ್ ಫೈಲ್ಸ್ ಅನ್ನು 0 ಮಾಡಿದರೆ ಯಾವ ವರದಿ ಎಷ್ಟು ಬರೆಯಿತು ಎಂದು ಗೊತ್ತಾಗುತ್ತದೆ. ವರದಿ ತೆಗೆಯುವ ಯೂಸರ್‌ಗೆ ಮಾತ್ರ ವರ್ಕ್ ಮೆಮ್ ಹೆಚ್ಚಿಸಿ. ಎಲ್ಲರಿಗೂ ಏರಿಸಿದರೆ ಪ್ರತಿ ಸಂಪರ್ಕದ ಪ್ರತಿ ಸಾರ್ಟಿಂಗೂ ಅಷ್ಟಷ್ಟು ಮೆಮರಿ ಕೇಳುತ್ತದೆ.

ಬ್ಯಾಕಪ್ಪನ್ನು "ರಾತ್ರಿ ಎರಡು ಗಂಟೆಗೆ ಯಾರೂ ಇರುವುದಿಲ್ಲ" ಎಂದು ಇಡುತ್ತಾರೆ. ಹಂಗಾಮಿನಲ್ಲಿ ರಾತ್ರಿ ಎರಡಕ್ಕೂ ಗಾಡಿಗಳು ನಿಂತಿರುತ್ತವೆ. ಸಾಧ್ಯವಾದರೆ ಇನ್ನೊಂದು ಯಂತ್ರದಲ್ಲಿ ರೆಪ್ಲಿಕಾ (ಡೇಟಾಬೇಸಿನ ಜೀವಂತ ನಕಲು) ಇಟ್ಟು ಅಲ್ಲಿಂದ ಡಂಪ್ ತೆಗೆಯಿರಿ. ಏನೇ ಆಗಲಿ, ಡೇಟಾ ಇರುವ ಡಿಸ್ಕಿನ ಮೇಲೇ ಬ್ಯಾಕಪ್ ಬರೆಯಬೇಡಿ. ವೇಗವೂ ಹೋಗುತ್ತದೆ, ಡಿಸ್ಕ್ ಹೋದ ದಿನ ಎರಡೂ ಒಟ್ಟಿಗೆ ಹೋಗುತ್ತವೆ.

ಲಾಗನ್ನು ಬೇರೆ ಡಿಸ್ಕಿಗೆ ಸಾಗಿಸುವುದು

ಕಷ್ಟದ ಕೆಲಸವಲ್ಲ, ಆದರೆ ಕ್ರಮ ತಪ್ಪಬಾರದು. ಪೂರ್ತಿ ಬ್ಯಾಕಪ್ ತೆಗೆದುಕೊಳ್ಳಿ. ಸರ್ವರ್ ಅನ್ನು ಸರಿಯಾಗಿ ನಿಲ್ಲಿಸಿ, ಪ್ರೋಸೆಸ್ ಒಂದೂ ಉಳಿದಿಲ್ಲ ಎಂದು ನೋಡಿ. ಹೊಸ ಡಿಸ್ಕ್ ಮೌಂಟ್ ಮಾಡಿ, ಅದರೊಳಗೆ ಒಂದು ಫೋಲ್ಡರ್ ಮಾಡಿ. ಮೌಂಟ್ ಆದ ಜಾಗವನ್ನೇ ನೇರವಾಗಿ ಬಳಸಬೇಡಿ. ಒಳಗೆ ಫೋಲ್ಡರ್ ಇದ್ದರೆ, ಮುಂದೆಂದಾದರೂ ಡಿಸ್ಕ್ ಮೌಂಟ್ ಆಗದ ದಿನ ಪೋಸ್ಟ್‌ಗ್ರೆಸ್ ಶುರುವಾಗದೆ ಅಲ್ಲೇ ನಿಲ್ಲುತ್ತದೆ, ಅದೇ ಕ್ಷೇಮ. ಪಿಜಿ ವಾಲ್ ಫೋಲ್ಡರಿನೊಳಗಿನ ಎಲ್ಲವನ್ನೂ ಮಾಲೀಕತ್ವ, ಅನುಮತಿ ಸಮೇತ ಅಲ್ಲಿಗೆ ಕಾಪಿ ಮಾಡಿ. ಹಳೆಯ ಫೋಲ್ಡರಿಗೆ ಬೇರೆ ಹೆಸರಿಟ್ಟು, ಆ ಜಾಗದಲ್ಲಿ ಹೊಸದಕ್ಕೆ ಸಿಂಬಾಲಿಕ್ ಲಿಂಕ್ ಹಾಕಿ. ಸರ್ವರ್ ಶುರು ಮಾಡಿ, ಒಂದೆರಡು ತೂಕ ಹಾಕಿಸಿ, ಐಒಸ್ಟ್ಯಾಟ್‌ನಲ್ಲಿ ಹೊಸ ಡಿಸ್ಕಿನ ಮೇಲೆ ಬರವಣಿಗೆ ಕಾಣುತ್ತಿದೆಯಾ ನೋಡಿ. ಹಳೆಯ ಫೋಲ್ಡರ್ ಕೆಲವು ದಿನ ಇರಲಿ.

ಹೊಸ ಲಾಗ್ ಡಿಸ್ಕ್ ಎಷ್ಟು ದೊಡ್ಡದಿರಬೇಕು? ಮ್ಯಾಕ್ಸ್ ವಾಲ್ ಸೈಜ್ ಕಠಿಣ ಮಿತಿ ಅಲ್ಲ, ಲಾಗ್ ಅದನ್ನು ದಾಟಬಹುದು. ಅದರ ಮೂರು ನಾಲ್ಕು ಪಟ್ಟಾದರೂ ಜಾಗ ಇರಲಿ. ಆರ್ಕೈವ್ ಆದೇಶ (ಲಾಗ್ ಫೈಲುಗಳನ್ನು ಬೇರೆಡೆ ಕಾಪಿ ಮಾಡುವುದು) ಸೋಲುತ್ತಿದ್ದರೆ, ಅಥವಾ ರೆಪ್ಲಿಕಾ ಬಂದ್ ಆಗಿ ಅದರ ಸ್ಲಾಟ್ (ರೆಪ್ಲಿಕಾ ಓದುವ ತನಕ ಲಾಗ್ ಉಳಿಸಿಡುವ ಗುರುತು) ಹಾಗೇ ಉಳಿದಿದ್ದರೆ, 16 ಎಂಬಿಯ ಫೈಲುಗಳು ಸೇರುತ್ತಲೇ ಹೋಗಿ ಡಿಸ್ಕ್ ತುಂಬುತ್ತದೆ. ತುಂಬಿದ ಕ್ಷಣ ಪೋಸ್ಟ್‌ಗ್ರೆಸ್ ನಿಂತುಬಿಡುತ್ತದೆ. ಆಗ ಗಾಬರಿಯಲ್ಲಿ ಪಿಜಿ ವಾಲ್ ಒಳಗಿನ ಫೈಲ್ ಒಂದನ್ನೂ ಕೈಯಿಂದ ಅಳಿಸಬೇಡಿ. ಮೊದಲು ಡಿಸ್ಕಿನ ಜಾಗ ಹೆಚ್ಚಿಸಿ, ಇಲ್ಲವೇ ಅದೇ ಡಿಸ್ಕಿನಲ್ಲಿರುವ ಬೇರೆ ಬೇಡದ ಫೈಲ್ ತೆಗೆದು ಸರ್ವರ್ ಏಳಿಸಿ. ಆಮೇಲೆ ಪಿಜಿ ರೆಪ್ಲಿಕೇಶನ್ ಸ್ಲಾಟ್ಸ್ ನೋಟದಲ್ಲಿ ಆಕ್ಟಿವ್ ಇಲ್ಲದ ಸ್ಲಾಟ್ ಯಾವುದು ನೋಡಿ. ಆ ರೆಪ್ಲಿಕಾ ಇನ್ನು ಬೇಡವೆಂದು ಖಚಿತವಾದರೆ ಸ್ಲಾಟ್ ತೆಗೆಯಿರಿ. ಆರ್ಕೈವ್ ಸೋಲುತ್ತಿದ್ದರೆ ಅದರ ಕಾರಣ ಸರಿಮಾಡಿ. ಮುಂದಿನ ಚೆಕ್‌ಪಾಯಿಂಟ್‌ಗಳಲ್ಲಿ ಬೇಡದ ಹಳೆಯ ಫೈಲುಗಳನ್ನು ಪೋಸ್ಟ್‌ಗ್ರೆಸ್ ತಾನೇ ತೆಗೆದುಹಾಕುತ್ತದೆ.